ಮಾತಿಗೊಂದು ಹೆಗಲು

ಹೊಳೆ ತಿರುಗುವ ಜಾಗದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಹೆಣ್ಣಿನ ಮಾತಿಗೆ ಕಾಲಿರಲಿಲ್ಲ. ಮನೆಯೊಳಗೆ ಅದು ಓಡಾಡುತ್ತಿತ್ತು, ಹೊಳೆಯ ಮೆಟ್ಟಿಲ ಮೇಲೆ ಕೂತು ನಗುತ್ತಿತ್ತು, ತೊಟ್ಟಿಲು ತೂಗುತ್ತಿತ್ತು. ಚಾವಡಿಯವರೆಗೆ ಮಾತ್ರ ಅದು ನಡೆದು ಹೋಗಲಾರದು ಎಂದು ಆ ಊರಿನ ಕಾನೂನು ಹೇಳುತ್ತಿತ್ತು. ನಡೆಯಲಾರದ್ದನ್ನು ಹೊತ್ತುಕೊಂಡು ಹೋಗಬೇಕು. ಹೊರುವುದಕ್ಕೆ ಗಂಡಸಿನ ಹೆಗಲು ಬೇಕು.

ಅದಕ್ಕಾಗಿ ಪ್ರತಿ ಹೆಣ್ಣಿಗೂ ಒಂದು ಗಡಿಗೆ ಇತ್ತು. ಹುಡುಗಿ ಮೈನೆರೆದಾಗ ಕುಂಬಾರ ಬಂದು ಕೊಟ್ಟು ಹೋಗುತ್ತಿದ್ದ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಅಡುಗೆಮನೆಯ ನೆಲುವಿನಲ್ಲಿ, ಹಗ್ಗದ ಬಲೆಯೊಳಗೆ, ಅದು ತೂಗುತ್ತಿರುತ್ತಿತ್ತು. ಚಾವಡಿಗೆ ಹೇಳುವ ಮಾತಿದ್ದಾಗ ಹೆಣ್ಣು ಅದನ್ನು ಇಳಿಸುವಳು. ಅದರ ಬಾಯಿಗೆ ತುಟಿ ಹಚ್ಚಿ ಹೇಳಬೇಕಾದ್ದನ್ನು ಹೇಳುವಳು. ಮೇಲೆ ಬಟ್ಟೆ ಕಟ್ಟುವಳು. ಅಪ್ಪನೋ ಗಂಡನೋ ಮಗನೋ, ಅವರು ಯಾರೂ ಇಲ್ಲದಿದ್ದರೆ ಗಂಡನ ಅಣ್ಣತಮ್ಮಂದಿರೋ ಅದನ್ನು ಹೆಗಲ ಮೇಲಿಟ್ಟುಕೊಂಡು ಹೋಗುವರು. ಚಾವಡಿಯಲ್ಲಿ ನ್ಯಾಯಾಧೀಶರು ಬಟ್ಟೆ ಬಿಚ್ಚಿ ಗಡಿಗೆಯ ಬಾಯಿಗೆ ಕಿವಿಯಿಡುವರು. ಖಾಲಿ ಗಡಿಗೆಗೆ ಕಿವಿಯಿಟ್ಟರೆ ಯಾರಿಗೂ ಕೇಳಿಸುವ ಗುಂಯ್ ಎಂಬ ಸದ್ದು ಅವರಿಗೂ ಕೇಳಿಸುವುದು. ಅವರು ತಲೆದೂಗಿ "ಮಾತಿದೆ" ಅನ್ನುವರು. ಆಮೇಲೆ ಹೊತ್ತು ತಂದವನ ಕಡೆ ತಿರುಗಿ "ಏನಂತೆ?" ಎಂದು ಕೇಳುವರು. ಅವನು ಹೇಳಿದ್ದು ಅವಳ ಮಾತಾಗುವುದು.

ಹೊತ್ತವನು ಬೇರೆ ಹೇಳಿದರೆ? ಹಾಗೆ ಯಾರೂ ಕೇಳುತ್ತಿರಲಿಲ್ಲ. ಹೆಗಲು ಸುಳ್ಳು ಹೇಳುವುದಿಲ್ಲ ಎಂಬುದು ಆ ಊರಿನ ಗಾದೆ.

ಹೆಣ್ಣು ಸತ್ತಾಗ ಅವಳ ಗಡಿಗೆಯನ್ನು ಒಡೆಯುತ್ತಿದ್ದರು. ಗಡಿಗೆ ಒಡೆದರೆ ಅವಳು ಸತ್ತಳು ಎಂದು ಅರ್ಥ. ಗಡಿಗೆ ಒಡೆದ ಮನೆಯವರನ್ನು ವರ್ಷ ತುಂಬುವವರೆಗೆ ಯಾವ ಅಂಬಿಗನೂ ದೋಣಿಗೆ ಹತ್ತಿಸುತ್ತಿರಲಿಲ್ಲ. ಇದು ಚಾವಡಿಯ ಕಾನೂನಲ್ಲ, ಹೊಳೆಯ ಕಾನೂನು. ಚಾವಡಿಗೆ ಹೆದರದವರೂ ಹೊಳೆಗೆ ಹೆದರುತ್ತಿದ್ದರು.

ಆ ಊರಿನಲ್ಲಿ ಒಬ್ಬ ವಕೀಲೆ ಇದ್ದಳು. ವಕೀಲರ ಮನೆಯಲ್ಲಿ ಹುಟ್ಟಿ, ಅಪ್ಪನ ಪುಸ್ತಕಗಳನ್ನು ಓದಿ ಕಾನೂನು ಕಲಿತವಳು. ಹೆಣ್ಣು ವಕೀಲಳಾಗಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ವಾದವನ್ನು ಗಡಿಗೆಯೊಳಗೆ ಹೇಳುವಳು. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಅಪ್ಪ ಅದನ್ನು ಹೊತ್ತುಕೊಂಡು ಹೋಗಿ ಚಾವಡಿಯಲ್ಲಿ ಒಪ್ಪಿಸುವರು. ಕೆಲವು ಮೊಕದ್ದಮೆಗಳನ್ನು ಅವಳು ಗೆದ್ದಳು. ಹೊರುವ ಹೆಗಲು ಒಳ್ಳೆಯದಿದ್ದುದರಿಂದ, ಕಾನೂನು ಕೊಂಚ ಬಳಸುದಾರಿ ಅಷ್ಟೇ, ಕೆಟ್ಟ ದಾರಿಯಲ್ಲ ಎಂದು ಬಹಳ ವರ್ಷ ನಂಬಿದ್ದಳು.

ಒಂದು ದಿನ ಅವಳು ಚಾವಡಿಯ ಕಿಟಕಿಯ ಕೆಳಗೆ ನಿಂತು ಕೇಳಿಸಿಕೊಂಡಳು. ಗಂಡನ ಏಟು ತಿಂದ ಹೆಂಗಸೊಬ್ಬಳ ಮೊಕದ್ದಮೆ ಅದು. ಆ ಮನೆಯಿಂದ ಅವಳಿಗೆ ಬಿಡುಗಡೆ ಬೇಕು ಎಂದು ವಕೀಲೆ ಗಡಿಗೆಯೊಳಗೆ ಹೇಳಿದ್ದಳು. ಗಂಡನಿಗೆ ಹಿರಿಯರು ನಾಲ್ಕು ಬುದ್ಧಿಮಾತು ಹೇಳಿದರೆ ಸಾಕು ಎಂದು ಅಪ್ಪ ಒಳಗೆ ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ಅವಳು ಅಂದಳು, "ಅಪ್ಪಾ, ನಾನು ಹೇಳಿದ್ದು ಅದಲ್ಲ."

"ಗೊತ್ತು ಮಗಳೇ. ನೀನು ಹೇಳಿದ ಹಾಗೇ ಹೇಳಿದ್ದರೆ ನಿನ್ನ ಮೇಲೆ ಸಿಟ್ಟಾಗ್ತಿದ್ದರು. ಸ್ವಲ್ಪ ಮೆತ್ತಗೆ ಮಾಡಿದೆ. ನಿನ್ನ ಒಳ್ಳೇದಕ್ಕೇ."

"ಇಷ್ಟು ವರ್ಷದಲ್ಲಿ ಎಷ್ಟು ಸಲ ಮೆತ್ತಗೆ ಮಾಡಿದ್ದೀರಿ?"

ಅಪ್ಪ ಗಡಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದರು.

ಅಪ್ಪ ತೀರಿಕೊಂಡ ಮೇಲೆ ಅವಳ ಗಡಿಗೆ ಗಂಡನ ಹೆಗಲಿಗೆ ಬಂತು. ಗಂಡ ಬಟ್ಟೆ ನೇಯುವವನು, ಮಾತು ಕಡಿಮೆ. ನೂಲು ತುಂಡಾಗದಂತೆ ನೋಡಿಕೊಳ್ಳುವವನಿಗೆ ಮಾತು ತುಂಡಾಗದಂತೆ ನೋಡಿಕೊಳ್ಳುವುದು ಕಷ್ಟವಾಗಲಿಲ್ಲ. ಆದರೆ ವಕೀಲೆ ಗಡಿಗೆ ಇಳಿಸುವುದನ್ನೇ ಬಿಟ್ಟಿದ್ದಳು.

"ನನ್ನ ಮೇಲೆ ನಂಬಿಕೆ ಇಲ್ಲವಾ?" ಎಂದು ಅವನು ಕೇಳಿದ.

"ಇದೆ. ಅದೇ ತೊಂದರೆ. ನೀವು ಒಳ್ಳೆಯವರು ಅಂತ ಈ ಕಾನೂನೂ ಒಳ್ಳೆಯದು ಅಂತಾಗಿಬಿಡ್ತದೆ."

ಆ ದಿನಗಳಲ್ಲಿಯೇ ಒಬ್ಬ ತಾಯಿ ಅವಳ ಬಳಿಗೆ ಬಂದಳು. ಅಂಬಿಗನ ಹೆಂಡತಿ ಅವಳು. ಗಡಿಗೆ ಒಡೆದ ಮನೆಯವನೊಬ್ಬ ಅದನ್ನು ಮುಚ್ಚಿಟ್ಟು ದೋಣಿ ಹತ್ತಿದ್ದನಂತೆ, ನಡುಹೊಳೆಯಲ್ಲಿ ದೋಣಿಯೂ ಅಂಬಿಗನೂ ಹೋದರು ಎಂದು ಊರು ಹೇಳುತ್ತಿತ್ತು. ತಾಯಿಯ ಸೆರಗು ಹಿಡಿದುಕೊಂಡು ಮಗಳಿದ್ದಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಅರ್ಧ ಬಂದಿರುವ ಮಗಳು.

"ಭಾವ ಇವಳನ್ನ ಆಚೆ ದಡದ ದೋಣಿಯವರ ಮನೆಗೆ ಕೊಡ್ತಾರಂತೆ," ಎಂದಳು ತಾಯಿ. "ಅವರು ಒಂದು ಹೊಸ ದೋಣಿ ಕೊಡ್ತಾರಂತೆ. ತಮ್ಮನ ಜೊತೆ ದೋಣಿ ಹೋಯ್ತಲ್ಲ, ಅದಕ್ಕೆ. ಹೊಳೆ ಇಳಿದ ಮೇಲೆ ಚಾವಡಿಯಲ್ಲಿ ನನ್ನ ಒಪ್ಪಿಗೆ ಕೇಳ್ತಾರೆ."

"ನೀನು ಏನು ಹೇಳ್ತೀಯ?"

"ಕೊಡೋದಿಲ್ಲ ಅಂತೀನಿ."

"ನಿನ್ನ ಗಡಿಗೆ ಹೊರೋರು ಯಾರು?"

ತಾಯಿ ನಕ್ಕಳು. "ಇನ್ಯಾರು? ಭಾವನೇ."

ವಕೀಲೆ ಒಳಗೆ ಹೋಗಿ ಅಪ್ಪನ ಪುಸ್ತಕ ತೆಗೆದಳು. ಅವಳಿಗೆ ಬಾಯಿಪಾಠವಾಗಿದ್ದ ಸಾಲೇ ಅಲ್ಲಿತ್ತು. ಹೆಣ್ಣಿನ ಮಾತು ಹೆಗಲ ಮೇಲೆ ಬರತಕ್ಕದ್ದು, ಹೊತ್ತು ತಂದವರು ಹೇಳಿದ್ದೇ ಅವಳ ಮಾತಾಗತಕ್ಕದ್ದು. ಯಾರ ಹೆಗಲು ಎಂದು ಬರೆದಿರಲಿಲ್ಲ. ಹೆಣ್ಣು ತನ್ನ ಗಡಿಗೆಯನ್ನು ತಾನೇ ಹೊತ್ತು ತಂದರೆ, 'ಏನಂತೆ' ಎಂಬ ಪ್ರಶ್ನೆಯನ್ನು ಅವಳನ್ನೇ ಕೇಳಬೇಕಾಗುತ್ತದೆ. ಹೆಗಲು ಸಿಕ್ಕರೆ ನಾಲಿಗೆ ತಾನಾಗಿ ಹಿಂದೆ ಬರುತ್ತದೆ ಎಂದು ವಕೀಲೆ ಲೆಕ್ಕ ಹಾಕಿದಳು.

ಅಂದಿನಿಂದ ಅವಳು ಮನೆಮನೆಗೆ ನಡೆದಳು. ಹಿತ್ತಿಲ ಬಾಗಿಲಲ್ಲಿ ನಿಂತಳು, ಹೊಳೆಯ ಮೆಟ್ಟಿಲ ಮೇಲೆ ಕೂತಳು. ಎಲ್ಲರಿಗೂ ಒಂದೇ ಮಾತು ಹೇಳಿದಳು. ನೀರು ಹೊರುತ್ತೀರಿ, ಸೌದೆ ಹೊರುತ್ತೀರಿ, ಒಂಬತ್ತು ತಿಂಗಳು ಮಗುವನ್ನು ಹೊರುತ್ತೀರಿ. ನಿಮ್ಮ ಮಾತನ್ನು ನೀವು ಹೊರಲಾರಿರಾ?

ಒಬ್ಬ ಮುದುಕಿ ಅಂದಳು, "ನೀರು ಹೊತ್ತೂ ಹೊತ್ತೂ ನಡು ಬಿದ್ದುಹೋಗಿದೆ ಕಣವ್ವ. ಆ ಗಂಡಸರು ಹೊರೋದು ಇದೊಂದೇ. ಇದನ್ನೂ ನಮ್ಮ ತಲೆಗೆ ಕಟ್ತೀಯಲ್ಲ."

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಆದರೆ ಮುದುಕಿ ತನ್ನ ಗಡಿಗೆ ತರುವುದಾಗಿ ಒಪ್ಪಿದಳು.

ತಾಯಿಯ ಓರಗಿತ್ತಿ, ಎಂದರೆ ಭಾವನ ಹೆಂಡತಿ, ಒಪ್ಪಲಿಲ್ಲ. ಇಬ್ಬರದೂ ಒಂದೇ ಅಡುಗೆಮನೆ, ಇಬ್ಬರ ಗಡಿಗೆಗಳೂ ಅಕ್ಕಪಕ್ಕದ ನೆಲುವಿನಲ್ಲಿ ತೂಗುತ್ತಿದ್ದವು. "ನಮ್ಮ ಮನೆಯವರು ನನ್ನ ಮಾತನ್ನ ನನಗಿಂತ ಚೆನ್ನಾಗಿ ಹೇಳ್ತಾರೆ," ಎಂದಳು.

"ಹೋದ ಸಲ ಏನು ಹೇಳಿದರು?" ಎಂದು ವಕೀಲೆ ಕೇಳಿದಳು.

"ನನಗೇನು ಗೊತ್ತು? ನಾನು ಅಲ್ಲಿಗೆ ಹೋಗಿದ್ದೆನಾ?"

ಹೀಗೆ ಮಳೆಗಾಲ ಮುಗಿಯಿತು. ಅಷ್ಟು ಹೊತ್ತಿಗೆ ಊರಿನ ಅರ್ಧದಷ್ಟು ಹೆಂಗಸರು ಒಪ್ಪಿದ್ದರು. ಒಂದು ಬೆಳಿಗ್ಗೆ ಅವರು ನೆಲುವಿನಿಂದ ಗಡಿಗೆ ಇಳಿಸಿ, ಹೆಗಲ ಮೇಲಿಟ್ಟುಕೊಂಡು, ಬೀದಿಗೆ ಬಂದರು. ಹೆಣ್ಣಿನ ಹೆಗಲ ಮೇಲೆ ಮಾತಿನ ಗಡಿಗೆಯನ್ನು ಆ ಬೀದಿ ಕಂಡಿರಲಿಲ್ಲ. ಅಂಗಡಿಯವರು ಎದ್ದು ನಿಂತರು. ನಾಯಿಗಳು ಬೊಗಳಲಿಲ್ಲ. ಹೆಂಗಸರು ಚಾವಡಿಯ ಮುಂದೆ ನಿಂತರು. ವಕೀಲೆಯ ಗಂಡ ಮಾತ್ರ ಅವಳ ಗಡಿಗೆ ಹೊತ್ತು ಒಳಗೆ ಹೋದ. ಇದೇ ಕೊನೆಯ ಸಲ ಎಂದು ಅವಳು ಅವನಿಗೆ ಹೇಳಿದ್ದಳು. ಅವನು ಅವಳ ವಾದವನ್ನು ಒಂದೆಳೆ ಬಿಡದೆ ಹೇಳಿದ.

ನ್ಯಾಯಾಧೀಶರು ಕೆಟ್ಟವರಲ್ಲ. ಅವರು ದಣಿವಿಲ್ಲದೆ ಕೇಳಿದರು, ಪುಸ್ತಕ ತೆಗೆಸಿ ಆ ಸಾಲನ್ನು ಓದಿದರು, ಹೊರಗೆ ನಿಂತ ಹೆಂಗಸರನ್ನು ನೋಡಿದರು.

"ಯಾರ ಹೆಗಲೆಂದು ಬರೆದಿಲ್ಲ, ನಿಜ," ಎಂದರು. "ಇನ್ನು ಮುಂದೆ ಹೆಣ್ಣು ತನ್ನ ಗಡಿಗೆಯನ್ನು ತಾನೇ ಹೊತ್ತು ತರಬಹುದು."

ಹೊರಗೆ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಆದರೆ ಚಾವಡಿಯ ಹೊಸ್ತಿಲನ್ನು ಹೆಣ್ಣು ದಾಟುವ ಹಾಗಿಲ್ಲ. ಅದೂ ಬರೆದಿದೆ," ಎಂದು ನ್ಯಾಯಾಧೀಶರು ಮುಂದುವರಿದರು. "ಹೊಸ್ತಿಲವರೆಗೆ ಅವಳು ತರಲಿ. ಅಲ್ಲಿಂದ ಈಚೆಗೆ ಅವಳ ಮನೆಯ ಗಂಡಸು ತರಲಿ. ಅವನು ಹೇಳಲಿ."

ಗುಂಪಿನಲ್ಲಿದ್ದ ಮುದುಕಿ ಅಂದಳು, "ನಾನು ಹೇಳಲಿಲ್ಲವೇನವ್ವ? ಹೊರೋದು ಮಾತ್ರ ನಮಗೆ ಬಂತು."

ಅಂದಿನಿಂದ ಹೆಂಗಸರು ಬಿಸಿಲಲ್ಲಿ ಗಡಿಗೆ ಹೊತ್ತು ಬರುವರು. ಗಂಡಸರು ಚಾವಡಿಯ ಜಗಲಿಯ ನೆರಳಲ್ಲಿ ಎಲೆಅಡಿಕೆ ಹಾಕಿಕೊಂಡು ಕಾಯುವರು. "ನಮ್ಮ ಹೆಗಲಿಗೆ ಈಗ ಆರಾಮ. ವಕೀಲಮ್ಮನಿಗೆ ಪುಣ್ಯ ಬರಲಿ," ಅನ್ನುವರು. ಹೊಸ್ತಿಲಲ್ಲಿ ಗಡಿಗೆ ಕೈ ಬದಲಾಗುವುದು.

ಹೊಳೆ ಇಳಿಯಿತು. ತಾಯಿಯ ದಿನ ಬಂತು.

ತಾಯಿ ತನ್ನ ಗಡಿಗೆಯನ್ನು ಹೆಗಲ ಮೇಲೆ ಹೊತ್ತು ಹೊಸ್ತಿಲವರೆಗೆ ಬಂದಳು. ಭಾವ ಅದನ್ನು ಇಸಿದುಕೊಂಡು ಒಳಗೆ ಹೋದ. ವಕೀಲೆ ತಾಯಿಯ ಪಕ್ಕದಲ್ಲಿ, ಹೊಸ್ತಿಲಿನಾಚೆ ನಿಂತಿದ್ದಳು.

"ಈ ಗಡಿಗೆ ಇಲ್ಲಿಗೆ ತಂದವರು ಯಾರು?" ಎಂದು ನ್ಯಾಯಾಧೀಶರು ಕೇಳಿದರು. ಇದು ಹೊಸ ಪ್ರಶ್ನೆ. ಹೊಸ ಕಾನೂನಿನ ಜೊತೆ ಬಂದದ್ದು.

"ಅವಳೇ ಸ್ವಾಮಿ."

"ಬಲವಂತ ಏನಾದರೂ?"

"ನೀವೇ ನೋಡಿದಿರಲ್ಲ. ತನ್ನ ಕಾಲಲ್ಲಿ ನಡೆದು, ತನ್ನ ಹೆಗಲ ಮೇಲೆ ತಂದಳು."

ನ್ಯಾಯಾಧೀಶರು ಬಟ್ಟೆ ಬಿಚ್ಚಿ ಕಿವಿಯಿಟ್ಟರು. "ಮಾತಿದೆ. ಏನಂತೆ?"

"ಮಗಳನ್ನ ಆಚೆ ದಡಕ್ಕೆ ಕೊಡೋದಕ್ಕೆ ಮನಸಾರೆ ಒಪ್ಪಿದ್ದೀನಿ ಅಂತಾಳೆ."

"ಇಲ್ಲ," ಎಂದಳು ತಾಯಿ ಹೊಸ್ತಿಲಿನಾಚೆಯಿಂದ. "ಇಲ್ಲ."

ನ್ಯಾಯಾಧೀಶರು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಗಾಳಿ ಬೀಸಿತೇ ಎಂದು ನೋಡುವವರ ಹಾಗೆ. ಅವರು ನಟಿಸುತ್ತಿರಲಿಲ್ಲ. ಗಡಿಗೆಗಳಿಗೆ ಕಿವಿಯಿಟ್ಟು ಇಟ್ಟು ಅವರ ಕಿವಿಯ ಸುತ್ತ ಒಂದು ದುಂಡನೆಯ ಗುರುತು ಬಿದ್ದಿತ್ತು. ಆ ದುಂಡಿನ ಹೊರಗಿನ ಹೆಣ್ಣಿನ ದನಿ ಅವರಿಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ. "ತಾನೇ ಹೊತ್ತು ತಂದ ಒಪ್ಪಿಗೆ," ಎಂದು ಅವರು ಬರೆಸಿದರು. "ಇದಕ್ಕಿಂತ ಗಟ್ಟಿಯಾದ ಒಪ್ಪಿಗೆ ಇನ್ನಿಲ್ಲ."

ಆಗ ವಕೀಲೆ ಹೊಸ್ತಿಲು ದಾಟಿದಳು. ಭಾವನ ಕೈಯಿಂದ ಗಡಿಗೆಯನ್ನು ತೆಗೆದುಕೊಂಡಳು. ನ್ಯಾಯಾಧೀಶರ ಮುಂದೆ ಅದನ್ನು ಬೋರಲು ಹಿಡಿದಳು. ಒಂದು ಚಿಟಿಕೆ ಧೂಳು ಬಿತ್ತು.

"ನೋಡಿ," ಎಂದಳು. "ಇದರಲ್ಲಿ ಏನೂ ಇಲ್ಲ. ಮಾತು ಅಲ್ಲಿ ಬಾಗಿಲಲ್ಲಿ ನಿಂತಿದೆ. ಅದಕ್ಕೆ ಕಾಲಿದೆ."

ನ್ಯಾಯಾಧೀಶರಿಗೆ ಅವಳ ಮಾತು ಕೇಳಿಸಲಿಲ್ಲ. ಅವಳ ಕಾಲು ಕಂಡಿತು. ಹೊಸ್ತಿಲಿನ ಈಚೆ ಇದ್ದ ಕಾಲು. ಅವರಿಗೆ ಬೇಸರವಾಯಿತು. "ಕೇಳಿದ ಹೆಗಲನ್ನು ಕೊಟ್ಟಿದ್ದೆವಲ್ಲ," ಎಂದು ಜಗಲಿಯಲ್ಲಿದ್ದ ಅವಳ ಗಂಡನ ಕಡೆ ನೋಡಿ ಹೇಳಿದರು. ಆಮೇಲೆ ಶಿಕ್ಷೆ ಬರೆಸಿದರು. ಅವಳ ಗಡಿಗೆಯನ್ನು ಒಡೆಯತಕ್ಕದ್ದು.

ಸಂಜೆಯ ಬೆಳಕಿರುವಾಗಲೇ ಗಂಡ ಅವಳ ಗಡಿಗೆಯನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದ. ಊರಿನ ಗಂಡಸರು ಹಿಂದೆ ನಡೆದರು. ಎಲ್ಲರಿಗಿಂತ ಹಿಂದೆ ವಕೀಲೆ ನಡೆದಳು. ಕಲ್ಲಿನ ಮೇಲೆ ಗಡಿಗೆ ಒಡೆದಾಗ ಸದ್ದು ಚಿಕ್ಕದಾಗಿತ್ತು. ಗಂಡಸರು ಮಿಂದು, ಹಿಂತಿರುಗಿ ನೋಡದೆ ಊರಿಗೆ ಹೋದರು. ಹಿಂತಿರುಗಿ ನೋಡಬಾರದು ಎಂಬುದು ಪದ್ಧತಿ. ಗಂಡ ಒಬ್ಬ ನೋಡಿದ.

ಸತ್ತವಳು ಮನೆಯ ಹೊಸ್ತಿಲು ಮೆಟ್ಟುವಂತಿಲ್ಲ. ಅವಳು ಕುಂಬಾರರ ಹಳೆಯ ಆವಿಗೆಯಲ್ಲಿ, ಗಡಿಗೆ ಸುಡುವುದನ್ನು ಬಿಟ್ಟ ಆ ಗೂಡಿನಲ್ಲಿ ವಾಸಮಾಡಿದಳು. ಬೀದಿಗೆ ಬಂದರೆ ಜನ ಅವಳನ್ನು ನೋಡದೆ ಪಕ್ಕಕ್ಕೆ ಸರಿಯುತ್ತಿದ್ದರು, ಗಿಡಕ್ಕೋ ಕಂಬಕ್ಕೋ ಸರಿಯುವ ಹಾಗೆ. ಗಂಡ ದಿನಾ ಮಧ್ಯಾಹ್ನ ಎಲೆಯಲ್ಲಿ ಬಿಸಿ ಅನ್ನ ತಂದು ಕಲ್ಲಿನ ಮೇಲಿಡುತ್ತಿದ್ದ. ಕೇಳಿದವರಿಗೆ "ಸತ್ತವಳಿಗೆ ಎಡೆ," ಅನ್ನುತ್ತಿದ್ದ. ಸತ್ತವರಿಗೆ ಎಡೆಯಿಡುವುದನ್ನು ಯಾವ ಕಾನೂನೂ ತಡೆಯಲಾರದು. ಅವಳೊಡನೆ ಮಾತಾಡುವಂತಿರಲಿಲ್ಲವಾಗಿ ಅವನು ಕಾಗೆಯೊಡನೆ ಮಾತಾಡುತ್ತಿದ್ದ.

"ಕಾಗೇ, ಉಪ್ಪು ಸ್ವಲ್ಪ ಜಾಸ್ತಿಯಾಗಿದೆ, ಬೇಸರ ಮಾಡ್ಕೋಬೇಡ," ಎಂದ ಒಂದು ದಿನ. "ಇನ್ನೊಂದು ವಿಷಯ. ನೇಯ್ದ ಬಟ್ಟೆ ಆಚೆ ದಡಕ್ಕೆ ಹೋಗಲಿಲ್ಲ. ಅಂಬಿಗ ಕೈ ಮುಗಿದುಬಿಟ್ಟ. ಗಡಿಗೆ ಒಡೆದ ಮನೆಯಂತೆ ನಮ್ಮದು. ವರ್ಷ ತುಂಬೋವರೆಗೆ ದೋಣಿ ಇಲ್ಲವಂತೆ."

ವಕೀಲೆ ತುತ್ತನ್ನು ಬಾಯಿಗೆ ಒಯ್ಯುವವಳು ಕೈಯನ್ನು ಹಾಗೇ ಹಿಡಿದಳು.

ಹೊಳೆಯ ಮೆಟ್ಟಿಲಲ್ಲಿ ಹೆಂಗಸರು ಅವಳಿಗೆ ಬೆನ್ನು ಹಾಕಿ ಬಟ್ಟೆ ಒಗೆಯುತ್ತಿದ್ದರು. ಬೆನ್ನು ಹಾಕಿದರೂ ಅವರಿಗೆ ಅವಳ ಮಾತು ಕೇಳಿಸುತ್ತಿತ್ತು. ಅವರ ಕಿವಿಯ ಸುತ್ತ ಯಾವ ಗುರುತೂ ಇರಲಿಲ್ಲ. ವಕೀಲೆ ತಾಯಿಯ ಬೆನ್ನ ಹಿಂದಿನ ಮೆಟ್ಟಿಲಲ್ಲಿ ಕೂತಳು.

"ಇನ್ನೊಂದು ದಾರಿ ಇದೆ," ಎಂದಳು. "ಒಳ್ಳೆಯ ದಾರಿಯಲ್ಲ."

ತಾಯಿ ಬಟ್ಟೆ ಒಗೆಯುತ್ತಲೇ ಅಂದಳು, "ನಿಮ್ಮ ದಾರಿ ಒಂದು ನೋಡಿದ್ದಾಯ್ತಲ್ಲ ವಕೀಲಮ್ಮ. ಭಾವ ಹೊತ್ತುಕೊಂಡು ಹೋಗಿದ್ದರೆ ಅವರು ಕೊಟ್ಟರು ಅಂತಿದ್ದೆ. ಈಗ ನಾನೇ ಹೊತ್ತುಕೊಂಡು ಹೋಗಿ ಮಗಳನ್ನ ಕೊಟ್ಟುಬಂದ ಹಾಗಾಯ್ತು."

"ಹೌದು. ನಾನು ಹೆಗಲು ಕೇಳಿದೆ. ನಾಲಿಗೆ ಕೇಳಬೇಕಿತ್ತು."

ತಾಯಿ ಬಟ್ಟೆ ಹಿಂಡಿದಳು. "ಹೇಳಿ," ಎಂದಳು.

ವಕೀಲೆ ಹೇಳಿದಳು. ತಾಯಿ ಹಿಂಡಿದ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು.

"ಸತ್ತರೆ ಹೇಗಿರ್ತದೆ?" ಎಂದು ತಾಯಿ ಕೇಳಿದಳು.

"ಹಸಿವಾಗ್ತದೆ. ಚಳಿಯಾಗ್ತದೆ. ಯಾರೂ ಕರೆಯೋದಿಲ್ಲ."

"ಮಗಳು ನನ್ನನ್ನ ಅವ್ವ ಅನ್ನಬಾರದು."

"ಅನ್ನಬಾರದು. ಅಂದರೆ ನೀನು ಬದುಕಿದ್ದೀಯ ಅಂತಾಗ್ತದೆ. ದೋಣಿ ಹೊರಡ್ತದೆ."

"ವರ್ಷ ತುಂಬಿದ ಮೇಲೆ?"

"ಗೊತ್ತಿಲ್ಲ. ಅಷ್ಟರೊಳಗೆ ನಾಲಿಗೆ ಕೇಳೋಣ."

"ಸತ್ತವರು ಕೇಳೋದೇ?"

"ಬದುಕಿದ್ದು ಕೇಳಿದ್ದಾಯ್ತಲ್ಲ."

ತಾಯಿಯ ಬೆನ್ನು ಸ್ವಲ್ಪ ಅಲುಗಿತು. ನಗುವೋ ಏನೋ, ಹಿಂದೆ ಕೂತವಳಿಗೆ ತಿಳಿಯಲಿಲ್ಲ.

ದೋಣಿ ಹೊರಡುವ ಹಿಂದಿನ ದಿನ ಮಧ್ಯಾಹ್ನ ತಾಯಿ ಜಗಲಿಯ ಮೇಲೆ ಕೂತು ಮಗಳ ತಲೆ ಬಾಚಿದಳು. ಎಣ್ಣೆ ಹಚ್ಚಿದಳು, ಸಿಕ್ಕು ಬಿಡಿಸಿದಳು.

"ನಾಳೆಯಿಂದ ನನ್ನ ಹಾಗೇ ಇರೋ ಒಬ್ಬಳು ಬೀದಿಯಲ್ಲಿ ಬಂದರೆ ಏನಂತ ಕರೀತೀಯ?"

"ಅವ್ವ."

"ಅಲ್ಲ. ಅವಳು ಹೊಳೆಯ ಹತ್ತಿರ ಸಿಕ್ಕರೆ?"

"ಅವ್ವ."

"ಅಲ್ಲ ಮಗಾ. ಅವಳು ನಿನ್ನನ್ನ ನೋಡಿ ಅತ್ತರೆ?"

ಮಗಳು ತಾಯಿಯ ಮುಖ ನೋಡಲು ತಿರುಗಿದಳು. ತಾಯಿ ಅವಳ ತಲೆಯನ್ನು ಹಿಡಿದು ಮತ್ತೆ ಮುಂದಕ್ಕೆ ತಿರುಗಿಸಿದಳು. ಬಾಚಿದಳು, ಕೇಳಿದಳು. ಬಾಚಿದಳು, ಕೇಳಿದಳು. ಜಡೆ ಹೆಣೆದು ಮುಗಿಯುವ ಹೊತ್ತಿಗೆ ಮಗಳು ಏನೂ ಅನ್ನದಿರುವುದನ್ನು ಕಲಿತಿದ್ದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಓರಗಿತ್ತಿ ಇದನ್ನೆಲ್ಲ ಕೇಳಿಸಿಕೊಂಡಳು. ಮೊರದಲ್ಲಿ ಕಲ್ಲು ಯಾವುದು ಅಕ್ಕಿ ಯಾವುದು ಎಂದು ಅವಳಿಗೆ ಕಾಣಲಿಲ್ಲ.

ಮರುದಿನ ಆಚೆ ದಡದವರ ಹೊಸ ದೋಣಿ ಬಂತು. ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ಭಾವ ಮಗಳನ್ನು ಕರೆತಂದು ದೋಣಿಯ ಪಕ್ಕ ನಿಲ್ಲಿಸಿದ. ಆ ದೋಣಿಯ ಅಂಬಿಗ ಹುಟ್ಟು ಹಿಡಿದು ಕಾದಿದ್ದ. ಆಗ ಬೀದಿಯ ತುದಿಯಲ್ಲಿ ತಾಯಿ ಕಂಡಳು. ಅವಳ ಹೆಗಲ ಮೇಲೆ ಅವಳ ಗಡಿಗೆ ಇತ್ತು. ಹೋದ ವರ್ಷವಾಗಿದ್ದರೆ ಗಡಿಗೆ ಹೊತ್ತ ಹೆಣ್ಣನ್ನು ಹತ್ತು ಜನ ತಡೆಯುತ್ತಿದ್ದರು. ಈಗ ಅದು ಕಾನೂನು. ಜನ ದಾರಿ ಬಿಟ್ಟರು.

ತಾಯಿ ದಡಕ್ಕೆ ಬಂದಳು. ದೋಣಿಯ ಹಗ್ಗ ಕಟ್ಟುವ ಕಲ್ಲಿನ ಮುಂದೆ ನಿಂತಳು. ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಮೇಲೆ ಹಾಕಿದಳು.

ಮಗಳ ಬಾಯಿ ತೆರೆಯಿತು. ಎಲ್ಲರೂ ಆ ಬಾಯಿಯನ್ನು ನೋಡಿದರು. ಅರ್ಧ ಬಂದ ಹಲ್ಲುಗಳು ಕಂಡವು. ಬಾಯಿ ಮುಚ್ಚಿತು.

ಅಂಬಿಗ ಹುಟ್ಟನ್ನು ಕೆಳಗಿಟ್ಟು ದೋಣಿಯಿಂದ ಇಳಿದ. "ಗಡಿಗೆ ಒಡೆದ ಮನೆ," ಎಂದ. "ನನ್ನಿಂದಾಗದು."

ಭಾವ ಕೂಗಾಡಿದ. ಅವಳು ಸತ್ತಿಲ್ಲ, ಇಲ್ಲೇ ನಿಂತಿದ್ದಾಳೆ ಎಂದು ತೋರಿಸಿದ. ಅವನು ತೋರಿಸಿದ ಕಡೆ ಯಾರೂ ನೋಡಲಿಲ್ಲ. ಚಾವಡಿಗೆ ಹೋದ. ನ್ಯಾಯಾಧೀಶರು ಪುಸ್ತಕ ನೋಡಿ, ಒಡೆದ ಗಡಿಗೆಯ ಮಾತು ತಮಗೆ ಕೇಳಿಸದೆಂದೂ, ಆದ್ದರಿಂದ ಅವಳು ಬದುಕಿದ್ದಾಳೆಂದು ಹೇಳಲು ಸಾಕ್ಷಿಯಿಲ್ಲವೆಂದೂ ವಿಷಾದದಿಂದ ತಿಳಿಸಿದರು. ವಕೀಲೆಯ ಗಡಿಗೆ ಒಡೆಸಿದ್ದು ಅವರೇ. ಸತ್ತವಳು ನಡೆದಾಡಬಹುದು ಎಂದು ಒಬ್ಬಳ ವಿಷಯದಲ್ಲಿ ಒಪ್ಪಿದ ಮೇಲೆ ಇನ್ನೊಬ್ಬಳ ವಿಷಯದಲ್ಲಿ ಇಲ್ಲವೆನ್ನಲಾಗಲಿಲ್ಲ.

ಆದರೆ ಅವರು ಹೊಸ ಕಾನೂನನ್ನು ಹಿಂದಕ್ಕೆ ತೆಗೆದುಕೊಂಡರು. ಹೆಣ್ಣು ಇನ್ನು ಗಡಿಗೆ ಹೊರುವಂತಿಲ್ಲ. ಮನೆಮನೆಯಲ್ಲಿ ನೆಲುವನ್ನು ಮೇಲಕ್ಕೆತ್ತಿ ಕಟ್ಟಿದರು, ಕೈಗೆ ಎಟುಕದ ಹಾಗೆ, ತೊಲೆಯ ಪಕ್ಕಕ್ಕೆ.

ಹಳೆಯ ಆವಿಗೆಯಲ್ಲಿ ಈಗ ಇಬ್ಬರಿದ್ದರು. ಮಗಳು ಭಾವನ ಮನೆಯಲ್ಲೇ ಉಳಿದಳು. ನೀರಿಗೆ ಬಂದಾಗ ಅವಳು ತಾಯಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತು ಹೊಳೆಯೊಡನೆ ಮಾತಾಡುವಳು. ದೊಡ್ಡವ್ವ ಏನು ಸಾರು ಮಾಡಿದಳು, ಯಾವ ಹಲ್ಲು ಪೂರ್ತಿ ಬಂತು, ಎಲ್ಲ ಹೊಳೆಗೆ ಹೇಳುವಳು. ಬೆನ್ನ ಹಿಂದೆ ತಾಯಿ ಕೇಳಿಸಿಕೊಳ್ಳುವಳು. ಒಂದು ಸಲ ಜಡೆ ಬಿಚ್ಚಿಹೋಗಿತ್ತು. ಹಿಂದಿನಿಂದ ಯಾರೋ ಅದನ್ನು ಹೆಣೆದರು. ಮಗಳು ತಿರುಗಲಿಲ್ಲ.

ಹೆಂಗಸರು ಸೌದೆಯ ನೆವದಲ್ಲಿ ಆವಿಗೆಯ ಬಳಿ ಬಂದು, ಬೇರೆ ಕಡೆ ಮುಖ ಮಾಡಿ ಕೂರತೊಡಗಿದರು. ವಕೀಲೆ ಅವರಿಗೆ ಒಂದೇ ಅಭ್ಯಾಸ ಮಾಡಿಸುತ್ತಿದ್ದಳು. "ಏನಂತೆ?" ಎಂದು ಕೇಳುವಳು. ಕೂತವಳು ತನ್ನ ಮಾತನ್ನು ಗಡಿಗೆಯಿಲ್ಲದೆ, ಬಯಲಿಗೆ ಹೇಳಬೇಕು. ಸುಲಭವೆಂದು ಬಂದವರಿಗೆ ಅದು ಸುಲಭವಾಗಲಿಲ್ಲ. ಬೊಗಸೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಹೇಳಿದವರಿದ್ದರು. ಪೂರ್ತಿ ಹೇಳಿ ಮುಗಿಸಿದವರು ಕಡಿಮೆ. ಅವರನ್ನೆಲ್ಲ ಕೂಡಿಸಿಕೊಂಡು ಚಾವಡಿಯ ಮುಂದೆ ನಿಲ್ಲುವ ದಿನ ಇನ್ನೂ ದೂರವಿತ್ತು.

ಒಂದು ದಿನ ಓರಗಿತ್ತಿಯೂ ಬಂದಳು. ಆವಿಗೆಗೆ ಬೆನ್ನು ಹಾಕಿ ಕೂತಳು.

"ಏನಂತೆ?" ಎಂದು ವಕೀಲೆ ಕೇಳಿದಳು.

ಓರಗಿತ್ತಿ ಯೋಚಿಸಿದಳು. "ನಮ್ಮ ಮನೆಯವರನ್ನ ಕೇಳಿ ಬಂದು ಹೇಳ್ತೀನಿ," ಎಂದಳು. ಆಮೇಲೆ ತಾನು ಏನು ಹೇಳಿದೆ ಎಂಬುದು ತನಗೇ ಕೇಳಿಸಿದಂತಾಗಿ, ಎದ್ದು ಸೌದೆ ಮರೆತು ಹೋದಳು.

ವರ್ಷ ತುಂಬಿತು. ಹೊಳೆ ಇಳಿಯಿತು. ಆಚೆ ದಡದವರ ದೋಣಿ ಮತ್ತೆ ಬಂತು. ಅದರ ಮೂತಿಯ ಅರಿಸಿನ ಕುಂಕುಮವನ್ನು ಹೊಸದಾಗಿ ಹಚ್ಚಿದ್ದರು. ವರ್ಷವಿಡೀ ದಡದಲ್ಲೇ ಕೂತು ಭಾವ ಸೊರಗಿದ್ದ, ಸಾಲದ್ದಕ್ಕೆ ಊರು ಅವನನ್ನು 'ದೋಣಿಯಿಲ್ಲದ ಅಂಬಿಗ' ಎಂದು ಕರೆಯುತ್ತಿತ್ತು. ಅವನು ಅಂಬಿಗನನ್ನು ಮನೆಯ ಬಾಗಿಲಿಗೇ ಕರೆತಂದ, ಈ ಸಲ ದಾರಿಯಲ್ಲಿ ಯಾರೂ ಏನೂ ಒಡೆಯದಂತೆ. ಮಗಳನ್ನು ಕೈಹಿಡಿದು ಜಗಲಿಯಿಂದ ಇಳಿಸಿದ. ಬೀದಿಯ ಆಚೆ ಬದಿಯಲ್ಲಿ ಇಬ್ಬರು ಸತ್ತವರು ನಿಂತಿದ್ದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಅವರು ಒಡೆಯಬಹುದಾದದ್ದು ಏನೂ ಉಳಿದಿರಲಿಲ್ಲ.

ಆಗ ಅಡುಗೆಮನೆಯೊಳಗೆ ಒಂದು ಸದ್ದಾಯಿತು. ಸದ್ದು ಚಿಕ್ಕದು.

ಭಾವ ಒಳಗೆ ಓಡಿದ. ಒರಳುಕಲ್ಲಿನ ಮೇಲೆ ಅವನ ಹೆಂಡತಿ ನಿಂತಿದ್ದಳು. ತುದಿಗಾಲಲ್ಲಿ ನಿಂತರೆ ನೆಲುವು ಎಟುಕುವಷ್ಟು ಎತ್ತರ ಆ ಒರಳು. ಅವಳ ತಲೆಯ ಮೇಲೆ ಖಾಲಿ ಬಲೆ ತೂಗುತ್ತಿತ್ತು. ಕೆಳಗೆ ಚೂರುಗಳಿದ್ದವು. ಅವಳು ಒರಳಿನಿಂದ ಇಳಿದಳು, ಚೂರುಗಳನ್ನು ದಾಟಿದಳು, ಗಂಡನ ಮುಂದೆ ಹಾದು ಬಾಗಿಲಿಗೆ ಬಂದಳು. ಜಗಲಿಯ ಮೇಲೆ ನಿಂತು ಏನೋ ಹೇಳಿದಳು. ಸ್ವಲ್ಪ ಹೊತ್ತು ಹೇಳಿದಳು. ಬೀದಿಯ ಆಚೆ ನಿಂತವರು ಕೇಳಿಸಿಕೊಂಡರು. ಮಗಳು ಕೇಳಿಸಿಕೊಂಡಳು.

ಭಾವ ದನಿ ಕೇಳಿಸದೆ ಅವಳ ತುಟಿಗಳನ್ನೇ ನೋಡುತ್ತಿದ್ದ. "ಏನಂತೆ?" ಎಂದು ಅಂಬಿಗನನ್ನು ಕೇಳಿದ. "ಏನು ಹೇಳ್ತಿದ್ದಾಳೆ ಇವಳು?"

ಅಂಬಿಗ ಜಗಲಿಯ ಕಡೆ ನೋಡದೆ ಹೆಗಲ ಮೇಲಿನ ಟವೆಲು ತೆಗೆದು ಕೊಡವಿದ. "ನಿಮ್ಮ ಮನೆಯವರಲ್ಲವಾ? ಇಷ್ಟು ವರ್ಷ ನೀವೇ ಹೇಳ್ತಿದ್ದಿರಲ್ಲ," ಎಂದ. ಎಂದು ಹೊಳೆಯ ಕಡೆ ನಡೆದ.

ಓರಗಿತ್ತಿ ಜಗಲಿಯಿಂದ ಇಳಿದು ಬೀದಿ ದಾಟಿದಳು. ಇಬ್ಬರಿದ್ದವರು ಮೂವರಾಗಿ ಆವಿಗೆಯ ಕಡೆ ಹೋದರು. ಮಗಳು ಅವರು ಹೋಗುವುದನ್ನು ನೋಡಲಿಲ್ಲ. ನೋಡಬಾರದೆಂದು ಅವಳಿಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ಚೂರುಗಳನ್ನು ಗುಡಿಸಿದಳು. ತಲೆಯ ಮೇಲೆ ಎರಡು ನೆಲುವುಗಳು ಖಾಲಿ ತೂಗುತ್ತಿದ್ದವು. ಆ ಮನೆಯಲ್ಲಿ ಇನ್ನು ಒಡೆಯುವುದಕ್ಕೆ ಉಳಿದದ್ದು ಒಂದೇ ಗಡಿಗೆ. ಅದನ್ನು ಕುಂಬಾರ ಇನ್ನೂ ಮಾಡಿರಲಿಲ್ಲ.